ಅಂಚಿನ ಬರಹ

ಏಲ್ವುಡ್ ಗ್ರಂಬೈನ್ ಅವರ ಮನೆಯ ಊಟದ ಕೋಣೆಯಲ್ಲಿ ಓಕ್ ಮರದ ಒಂದು ಪೆಟ್ಟಿಗೆಯಿತ್ತು. ಅಮೆರಿಕದ ಮೊದಲ ಟಂಕಸಾಲೆಯಲ್ಲಿ ಅಚ್ಚಾದ ತಾಮ್ರದ ಸೆಂಟುಗಳು ಅದರೊಳಗೆ ಪುಟ್ಟ ಪುಟ್ಟ ಕಾಗದದ ಲಕೋಟೆಗಳಲ್ಲಿ ಸಾಲಾಗಿ ನಿಂತಿದ್ದವು. 1795ನೆಯ ಇಸವಿಯ ಸಾಲಿನಲ್ಲಿ ಒಂದು ಲಕೋಟೆ ಮಾತ್ರ ಖಾಲಿ. ಅದರ ಮೇಲೆ ಏಲ್ವುಡ್ ತಮ್ಮ ನಡುಹರೆಯದಲ್ಲಿ ಬರೆದಿಟ್ಟಿದ್ದ ಎರಡು ಪದಗಳು ಮಾಸಲಾಗಿದ್ದವು: ‘ಬರಹದ ಅಂಚು’.

ಆ ವರ್ಷದ ಕೊನೆಯವರೆಗೂ ಸೆಂಟು ದಪ್ಪವಾಗಿತ್ತು. ಅದರ ಅಂಚಿನ ಸುತ್ತ ‘ಡಾಲರಿಗೆ ನೂರು’ ಎಂಬ ಅಕ್ಷರಗಳಿದ್ದವು. ಅಷ್ಟರಲ್ಲಿ ತಾಮ್ರದ ಬೆಲೆ ಏರಿತು. ಸರ್ಕಾರ ನಾಣ್ಯವನ್ನು ತೆಳುಮಾಡಿತು. ತೆಳುವಾದ ಅಂಚಿನಲ್ಲಿ ಅಕ್ಷರಕ್ಕೆ ಜಾಗವಿಲ್ಲದೆ ಅದನ್ನು ಬೋಳಾಗಿಯೇ ಬಿಟ್ಟಿತು. ಏಲ್ವುಡ್ ಹುಡುಕುತ್ತಿದ್ದ ಅಚ್ಚು ಈ ಎರಡು ಕಾಲಕ್ಕೂ ಸೇರಿದ್ದು; ಅದೇ ಅಚ್ಚಿನಿಂದ ಮೊದಲು ಬರಹದ ಅಂಚಿನವೂ ಆಮೇಲೆ ಬೋಳಂಚಿನವೂ ಬಂದಿದ್ದವು. ಬೋಳಂಚಿನದು ಯಾವ ಅಂಗಡಿಯಲ್ಲೂ ಸಿಗುತ್ತದೆ. ಬರಹದ್ದು ತೀರಾ ಅಪರೂಪ. ಎರಡಕ್ಕೂ ಮುಖ ಒಂದೇ, ಬೆನ್ನು ಒಂದೇ. ವ್ಯತ್ಯಾಸ ಇರುವುದು ಅಂಚಿನಲ್ಲಿ ಮತ್ತು ತೂಕದಲ್ಲಿ ಮಾತ್ರ.

ಅಮೆರಿಕದಲ್ಲೇ ಇರುವ ಲೆಬನನ್ ಎಂಬ ಜಿಲ್ಲೆಯ ಭೂಮಾಪನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಏಲ್ವುಡ್, ಗಡಿಕಲ್ಲನ್ನು ಕಣ್ಣಾರೆ ಕಾಣದೆ ಯಾವ ನಕ್ಷೆಗೂ ಸಹಿ ಹಾಕಿದವರಲ್ಲ. ಅಂಥವರಿಗೆ ಈಚಿನ ನಾಣ್ಯ ವ್ಯಾಪಾರ ಅಸಹ್ಯವಾಗಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಾಣ್ಯದ ದರ್ಜೆಯನ್ನು ಎಪ್ಪತ್ತರವರೆಗಿನ ಅಂಕಿಯಲ್ಲಿ ಹೇಳುವ ಕ್ರಮ ಹುಟ್ಟಿದ್ದೇ ಈ ತಾಮ್ರದ ಸೆಂಟುಗಳಿಗಾಗಿ. ಎರಡರ ದರ್ಜೆಯದಕ್ಕೆ ಮೂಲಬೆಲೆಯ ಎರಡರಷ್ಟು, ಎಪ್ಪತ್ತರದಕ್ಕೆ ಎಪ್ಪತ್ತರಷ್ಟು. ಲೆಕ್ಕ ಅಷ್ಟು ಸರಳವಾಗಿತ್ತು. ಈಗ ಆ ಅಂಕಿ ಉಳಿದಿದೆ, ಲೆಕ್ಕ ಸತ್ತಿದೆ. ಯಾವುದೋ ಕಂಪನಿಯವರು ನಾಣ್ಯವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿ ಚೀಟಿ ಅಂಟಿಸುತ್ತಾರೆ. ಜನ ಆ ಚೀಟಿಯನ್ನು ಕೊಳ್ಳುತ್ತಾರೆ. ತಾಮ್ರವನ್ನು ಬೆರಳಿನಿಂದ ಮುಟ್ಟಿಯೂ ನೋಡದವರು ಅದರ ಬೆಲೆಯನ್ನು ಮುಗಿಲಿಗೇರಿಸಿದ್ದಾರೆ.

ಆದರೂ ಆ ಚಳಿಗಾಲದಲ್ಲಿ ಏಲ್ವುಡ್ ಅಂಥದೊಂದು ಪೆಟ್ಟಿಗೆಯನ್ನು ಹರಾಜಿನಲ್ಲಿ ಕೊಂಡರು. ಚೀಟಿಯ ಮೇಲೆ ‘1795, ಬರಹದ ಅಂಚು’ ಎಂದಿತ್ತು. ಅದಕ್ಕಾಗಿ ಓಕ್ ಪೆಟ್ಟಿಗೆಯ ಐದು ಒಳ್ಳೆಯ ನಾಣ್ಯಗಳನ್ನು ಮಾರಿದರು.

ಅವಸರಕ್ಕೆ ಕಾರಣವಿತ್ತು. ಮೈಯರ್ಸ್‌ಟೌನಿನ ನಿವೃತ್ತ ಔಷಧ ವ್ಯಾಪಾರಿ ಥರ್ಮನ್ ಲೈಟ್ನರ್ ಅವರ ಹಳೆಯ ಸ್ನೇಹಿತರು. ಪ್ರತಿ ವರ್ಷ ಮಾರ್ಚ್ ತಿಂಗಳ ಒಂದು ಶನಿವಾರ, ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ, ತಾಮ್ರದ ಸಂಗ್ರಾಹಕರೆಲ್ಲ ಸೇರಿದಾಗ ಇವರಿಬ್ಬರೂ ಎದುರುಬದುರು ಕೂತು ಜೋಡಿಯಾಟ ಆಡುತ್ತಿದ್ದರು. ಆಟ ಸುಲಭ: ಒಂದೊಂದು ಅಚ್ಚಿನ ಹೆಸರು ಹೇಳಿದಾಗಲೂ ಇಬ್ಬರೂ ತಮ್ಮ ತಮ್ಮ ನಾಣ್ಯವನ್ನು ಟವೆಲಿನ ಮೇಲೆ ಇಡಬೇಕು, ಯಾರದು ಚೆನ್ನಾಗಿದೆಯೋ ಅವರಿಗೆ ಒಂದು ಅಂಕ. ಪ್ಲಾಸ್ಟಿಕ್ಕಿನಲ್ಲಿರುವುದನ್ನು ಟವೆಲಿನ ಮೇಲೆ ಇಡುವಂತಿಲ್ಲ. ನಾಣ್ಯ ಕೈಯಿಂದ ಕೈಗೆ, ಅಂಚು ಹಿಡಿದು, ಬರಿಮೈಯಲ್ಲೇ ಹೋಗಬೇಕು. ಇಲ್ಲದ ಅಚ್ಚು ಬಂದಾಗ ಏಲ್ವುಡ್ ಖಾಲಿ ಲಕೋಟೆಯನ್ನೇ ಮುಂದಿಡುತ್ತಿದ್ದರು. ಥರ್ಮನ್ ತಮ್ಮ ಬರಹದ ಅಂಚಿನ ಸೆಂಟನ್ನು ಅದರ ಪಕ್ಕದಲ್ಲಿಟ್ಟು, ವರ್ಷವರ್ಷವೂ ಅದೇ ಮಾತು ಹೇಳುತ್ತಿದ್ದರು: “ಲಕೋಟೆನ ಚೆನ್ನಾಗಿ ಕಾಪಾಡ್ಕೊಂಡಿದೀಯ ಕಣೋ. ಅರವತ್ತೈದರ ದರ್ಜೆ ಧಾರಾಳವಾಗಿ ಕೊಡಬಹುದು.”

ಮೇ ತಿಂಗಳಲ್ಲಿ ಥರ್ಮನ್ ಮಂಡಿನೋವಿನ ಸಲುವಾಗಿ ಅರಿಜೋನದ ಬಿಸಿಲಿಗೆ ಹೋಗಿ ನೆಲೆಸುವವರಿದ್ದರು. ಈ ಆಟ ಮುಗಿದ ಮೇಲೆ ತಮ್ಮ ನಾಣ್ಯಗಳನ್ನೆಲ್ಲ ಒಪ್ಪಿಸುವುದಾಗಿ ಹರಾಜಿನವರಿಗೆ ಆಗಲೇ ಮಾತು ಕೊಟ್ಟಿದ್ದರು. ಹಾಗಾಗಿ ಇದೇ ಕೊನೆಯ ಆಟ. ಒಮ್ಮೆಯಾದರೂ ಆ ಲಕೋಟೆಯಿಂದ ನಾಣ್ಯ ತೆಗೆದು ಥರ್ಮನ್ ಅವರ ಮುಂದೆ ಇಡಬೇಕೆಂಬುದೊಂದೇ ಏಲ್ವುಡ್ ಅವರ ಮನಸ್ಸಿನಲ್ಲಿದ್ದದ್ದು.

ಹೆಂಡತಿ ವರ್ನಾ ಅವರಿಗೆ ಹೇಳಿದ್ದ ಕಾರಣವೇ ಬೇರೆ. ಅಡುಗೆಮನೆಯ ನೆಲಹಾಸು ಒಲೆಯ ಮುಂದೆ ಸವೆದು ಕಪ್ಪಾಗಿತ್ತು. ಬೆಲೆ ಹೀಗೇ ಏರುತ್ತಿದ್ದರೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಇನ್ನೆರಡು ವರ್ಷಕ್ಕೆ ಹೊಸ ನೆಲವಾಗುತ್ತದೆ ಎಂದು ಅವರು ಒಪ್ಪಿಸಿದ್ದರು. ಸುಳ್ಳೇನಲ್ಲ, ಪೆಟ್ಟಿಗೆಯನ್ನು ಒಡೆಯದಿದ್ದರೆ ಅದು ನಿಜವೂ ಆಗಬಹುದಿತ್ತು.

ಶನಿವಾರ ಬಂತು. ಸಭಾಂಗಣದ ಅಡುಗೆಕೋಣೆಯಿಂದ ಕೋಳಿ ಮತ್ತು ಜೋಳದ ಸೂಪಿನ ವಾಸನೆ ಹರಡಿತ್ತು. ಏಲ್ವುಡ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ, ಹ್ಯಾರಿಸ್‌ಬರ್ಗಿನಿಂದ ಬಂದಿದ್ದ ರಾಡ್ನಿ ಎಂಬ ವ್ಯಾಪಾರಿ ಬಗ್ಗಿ ಚೀಟಿ ಓದಿದ. ನೀವು ಕೊಟ್ಟದ್ದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ಕೊಡುತ್ತೇನೆ, ಈಗಲೇ ಚೆಕ್ಕು ಬರೆಯುತ್ತೇನೆ ಎಂದ. ನಾಣ್ಯದ ಕಡೆಗೆ ಅವನು ಸರಿಯಾಗಿ ನೋಡಿರಲೂ ಇಲ್ಲ.

ಏಲ್ವುಡ್ ಕೋಟಿನ ಜೇಬಿನಿಂದ ಇಕ್ಕಳ ತೆಗೆದರು.

“ಒಡೀಬೇಡಿ ಸಾರ್,” ಎಂದ ರಾಡ್ನಿ. “ಒಡೆದ್ರೆ ಕಂಪನಿಯ ಖಾತರಿ ಹೋಯ್ತು. ಆಮೇಲೆ ಅದು ಬರೀ ಒಂದು ಸೆಂಟು.”

“ಅದು ಇನ್ನೂರು ವರ್ಷದಿಂದ ಬರೀ ಒಂದು ಸೆಂಟೇ ಕಣಯ್ಯಾ,” ಎಂದರು ಏಲ್ವುಡ್.

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಇಕ್ಕಳ ಒತ್ತಿದರು. ಪ್ಲಾಸ್ಟಿಕ್ ಸಿಡಿದ ಸದ್ದಿಗೆ ಸೂಪು ಬಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು. ನಾಣ್ಯದ ಸುತ್ತ ಬಿಗಿಯಾಗಿ ಕೂತಿದ್ದ ಬಿಳಿಯ ಬಳೆಯನ್ನು ಏಲ್ವುಡ್ ಉಗುರಿನಿಂದ ಬಿಡಿಸಿ, ನಾಣ್ಯವನ್ನು ಎರಡು ಬೆರಳಿನ ನಡುವೆ ಹಿಡಿದು ತಿರುಗಿಸಿದರು. ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ಹೆಬ್ಬೆರಳನ್ನೇ ಓಡಿಸಿದರು. ಅಂಚು ಬೋಳಾಗಿತ್ತು.

ಥರ್ಮನ್ ತಮ್ಮ ಚೀಲದಿಂದ ಪುಟ್ಟ ತಕ್ಕಡಿಯನ್ನು ತೆಗೆದು ಮುಂದೆ ಸರಿಸಿದರು. ಬರಹದ್ದಾಗಿದ್ದರೆ ಇನ್ನೂರ ಎಂಟು ಗ್ರೇನ್ ಆಸುಪಾಸು ತೂಗಬೇಕಿತ್ತು. ಇದು ನೂರ ಅರವತ್ತಾರಕ್ಕೆ ನಿಂತಿತು. ಕಂಪನಿಯಲ್ಲಿ ಯಾರೋ ಬೋಳಂಚಿನ ನಾಣ್ಯಕ್ಕೆ ಬರಹದ ಅಂಚಿನ ಚೀಟಿ ಅಂಟಿಸಿಬಿಟ್ಟಿದ್ದರು. ಬಳೆಯೊಳಗಿನ ಅಂಚು ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಏಲ್ವುಡ್ ಕನ್ನಡಕ ತೆಗೆದು ಒರೆಸಿಕೊಂಡರು. ಕಂಪನಿಯ ಮೇಲೆ ಬರಬೇಕಾಗಿದ್ದ ಸಿಟ್ಟು ತಮ್ಮ ಮೇಲೇ ಬಂದಿತ್ತು. ಗಡಿ ನೋಡದೆ ಸಹಿ ಹಾಕದ ಮನುಷ್ಯ, ಅಂಚು ನೋಡದೆ ಅಂಚನ್ನೇ ಕೊಂಡಿದ್ದರು.

ರಾಡ್ನಿ ತಗ್ಗಿದ ದನಿಯಲ್ಲಿ ಇನ್ನೊಂದು ದಾರಿ ತೋರಿಸಿದ. ಮೋಸವೇನಲ್ಲ ಎಂಬಂತಿತ್ತು ಅವನ ಮುಖ. “ಚೀಟಿ ಹರಿದಿಲ್ವಲ್ಲ ಸಾರ್. ನಾಣ್ಯದ ಜೊತೆಗೇ ಇಡಿ. ನೀವು ಬಾಯಿಬಿಟ್ಟು ಏನೂ ಹೇಳೋದು ಬೇಡ. ಕೊಳ್ಳೋರು ಅವರೇ ಓದ್ಕೋತಾರೆ.”

ಹಾಗೆ ಕೊಳ್ಳುವವರು ನಿಜವಾಗಿಯೂ ಇದ್ದರು. ಅಂಥವನೊಬ್ಬ ಸ್ವಲ್ಪ ಹೊತ್ತಿನ ಹಿಂದೆ ಚೆಕ್ಕು ಪುಸ್ತಕ ತೆರೆದಿದ್ದ. ಐದು ನಾಣ್ಯಗಳೂ ವಾಪಸು ಬರಬಹುದಿತ್ತು, ಅಡುಗೆಮನೆಯ ನೆಲವೂ ಬರಬಹುದಿತ್ತು. ಏಲ್ವುಡ್ ಪ್ಲಾಸ್ಟಿಕ್ ಚೂರುಗಳ ನಡುವಿನಿಂದ ಚೀಟಿಯನ್ನು ಹೆಕ್ಕಿಕೊಂಡು, ನೀಟಾಗಿ ಎರಡಾಗಿ, ಮತ್ತೆ ನಾಲ್ಕಾಗಿ ಹರಿದು, ಸೂಪಿನ ಖಾಲಿ ಬಟ್ಟಲಿಗೆ ಹಾಕಿದರು.

“ಆಟ ಶುರುಮಾಡು,” ಎಂದರು.

ಬೋಳಂಚಿನ ಸರದಿ ಬಂದಾಗ ಏಲ್ವುಡ್ ಹೊಸ ನಾಣ್ಯವನ್ನು ಟವೆಲಿನ ಮೇಲಿಟ್ಟರು. ಚೆಸ್ಟ್‌ನಟ್ ಕಾಯಿಯಂಥ ಕಂದುಬಣ್ಣ. ಅದರ ಮೇಲಿದ್ದ ಹೆಂಗಸಿನ ಚಿತ್ರದಲ್ಲಿ ಹಣೆಯ ಮೇಲಿನ ಕೂದಲು ಎಳೆಎಳೆಯಾಗಿ ಉಳಿದಿತ್ತು. ಥರ್ಮನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ಎರಡನ್ನೂ ನೋಡಿ, ಅಂಕವನ್ನು ಏಲ್ವುಡ್ ಅವರ ಕಡೆಗೆ ಗುರುತು ಹಾಕಿದರು. ಆ ಅಚ್ಚಿನಲ್ಲಿ ಏಲ್ವುಡ್ ಗೆದ್ದದ್ದು ಅದೇ ಮೊದಲು. ಅದರ ಹಿಂದೆಯೇ ಬರಹದ ಅಂಚಿನ ಸರದಿ. ಥರ್ಮನ್ ತಮ್ಮದನ್ನಿಟ್ಟರು. ಏಲ್ವುಡ್ ಖಾಲಿ ಲಕೋಟೆಯನ್ನು ತೆಗೆದಿಟ್ಟರು.

ಥರ್ಮನ್ ಈ ಸಲ ದರ್ಜೆಯ ಮಾತೆತ್ತಲಿಲ್ಲ. ತಮ್ಮ ನಾಣ್ಯವನ್ನು ಎತ್ತಿ ಏಲ್ವುಡ್ ಅವರ ಅಂಗೈಯಲ್ಲಿಟ್ಟರು. “ಓದು,” ಎಂದರು. “ಕೊಡಲ್ಲ, ಆಸೆಪಡ್ಬೇಡ. ಹರಾಜಿನೋರಿಗೆ ಮಾತು ಕೊಟ್ಟಾಗಿದೆ. ಅವರು ಪ್ಲಾಸ್ಟಿಕ್ಕಿಗೆ ಹಾಕೋಕ್ಮುಂಚೆ ಒಂದ್ಸಲ ಪೂರ್ತಿ ಓದ್ಬಿಡು.”

ಏಲ್ವುಡ್ ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಅಕ್ಷರವಾಗಿ ತಿರುಗಿಸುತ್ತ, ಡಾಲರಿಗೆ ನೂರು ಎಂಬುದನ್ನು ಅಕ್ಷರಗಳ ಕೊನೆಗೆ ಒತ್ತಿದ್ದ ಪುಟ್ಟ ಎಲೆಯ ಗುರುತಿನವರೆಗೂ ಓದಿ ಹಿಂದಿರುಗಿಸಿದರು.

ಸಂಜೆ ಮನೆಯಲ್ಲಿ ವರ್ನಾ ಪ್ಲಾಸ್ಟಿಕ್ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ಏಲ್ವುಡ್ ಒಂದನ್ನೂ ಬಿಡದೆ ಹೇಳಿದರು; ರಾಡ್ನಿಯ ಚೆಕ್ಕನ್ನೂ, ಹರಿದ ಚೀಟಿಯನ್ನೂ. ವರ್ನಾ ನಾಣ್ಯವನ್ನು ಈಸಿಕೊಂಡು, ಗಂಡ ಕಲಿಸಿದ್ದಂತೆ ಅಂಚು ಹಿಡಿದು ತಿರುಗಿಸಿದರು.

“ಹಾಗಾದ್ರೆ ನನ್ನ ನೆಲ?”

“ಸದ್ಯಕ್ಕಿಲ್ಲ. ಹಳೇ ಬೋಳಂಚಿಂದು ಈಗ ಹೆಚ್ಚುವರಿ. ಅದನ್ನ ಮಾರ್ತೀನಿ.”

“ಅದರಲ್ಲಿ ಏನು ಬರುತ್ತೆ?”

ಏಲ್ವುಡ್ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. “ಒಲೆ ಮುಂದಕ್ಕೊಂದು ಕಾಲೊರಸು.”

“ದೊಡ್ಡದೇ ತಗೋ,” ಎಂದರು ವರ್ನಾ. “ಆ ಕಪ್ಪು ಮುಚ್ಚೋವಷ್ಟು.”

ಏಲ್ವುಡ್ ಹೊಸ ನಾಣ್ಯವನ್ನು ಅದರ ಸಾಲಿನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಖಾಲಿ ಲಕೋಟೆಯನ್ನು ಮೊದಲಿನ ಜಾಗಕ್ಕೇ ಸೇರಿಸಿದರು. ಮಾಸಿದ್ದ ಎರಡು ಪದಗಳ ಮೇಲೆ ಪೆನ್ಸಿಲಿನಿಂದ ಇನ್ನೊಮ್ಮೆ ತಿದ್ದಿ, ಪೆಟ್ಟಿಗೆ ಮುಚ್ಚಿದರು.