ಸರಿಯುವ ಬಾಗಿಲಿನ ಡಬ್ಬಿ

ಗುರುವಾರ, ಬೆಳಿಗ್ಗೆ ಒಂಬತ್ತೂ ಹತ್ತು. ನವಲಗುಂದದ ಕನ್ನಡಕದ ಅಂಗಡಿಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಅಂಗಡಿಯವ. ಅವಳ ಕನ್ನಡಕದ ಮುರಿದ ಚೌಕಟ್ಟಿಗೆ ಆತ ಅಂಟು ಹಚ್ಚಿದ. ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಯುವ ಆ ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ದರ್ಜಿ ನೆನಪಾದರು...

ಅವರ ಅಂಗಡಿಯಲ್ಲಿ ಹೊಸ ಬಟ್ಟೆಯ ವಾಸನೆಗಿಂತ ಈ ಅಂಟಿನ ವಾಸನೆಯೇ ಹೆಚ್ಚು. ಹೊಲಿಗೆ ಮುಗಿದ ಮೇಲೆ ಅವರು ಬೆರಳುದ್ದದ ಗೂಡ್ಸ್ ರೈಲುಡಬ್ಬಿಗಳ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುತ್ತಿದ್ದರು. ರೈಲೇ ಇಲ್ಲದ ಊರು ನಮ್ಮದು. ಕಟ್ಟೆಯ ಮೇಲೆ ಕುಳಿತವರು ಬಿಡುತ್ತಾರೆಯೇ? "ಏನ್ ಕಾಕಾ, ನಿಮ್ಮ ಗಾಡಿ ಎಷ್ಟೊತ್ತಿಗೈತ್ರಿ?" ಎಂದು ಕೂಗುತ್ತಿದ್ದರು. "ಲೇಟ್ ಐತಿ. ಅಲ್ಲೀತನಕ ನಿನ್ನ ಪ್ಯಾಂಟಿನ ಗುಂಡಿ ಹಚ್ಕೊಂಡ ಹೋಗ" ಎಂದು ಇವರು ತಲೆ ಎತ್ತದೆಯೇ ಹೇಳುತ್ತಿದ್ದರು.

ಅವರ ತಂದೆ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಹಮಾಲರಾಗಿದ್ದರು. ಹತ್ತಿಯ ಅಂಡಿಗೆಗಳನ್ನು ಸಣ್ಣ ಹಳಿಯ ಮೀಟರ್ ಗೇಜ್ ಗಾಡಿಗೆ ಏರಿಸಿದವರು. ತಂದೆ ತೀರಿ ಬಹಳ ವರ್ಷಗಳಾಗಿದ್ದವು. ತಾಯಿಗೆ ಕಣ್ಣು ಪೂರ್ತಿ ಹೋಗಿತ್ತು, ಊಟವೂ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಗಂಡ ದುಡಿದ ಗಾಡಿಯನ್ನು ಆಕೆ ಕೈಯಿಂದಾದರೂ ಒಮ್ಮೆ ನೋಡಲಿ ಎಂಬುದು ಮಗನ ಆಸೆ.

ದೊಡ್ಡ ಹಳಿಯ ಡಬ್ಬಿಗಳ, ಬಿಡಿಭಾಗ ಜೋಡಿಸುವ ಕಿಟ್ಟುಗಳು ಬೇಕಾದಷ್ಟು ಸಿಗುತ್ತಿದ್ದವು. ಮೀಟರ್ ಗೇಜಿನದು, ಅದೂ ಆ ಕಾಲದ್ದು, ಎಲ್ಲಿಯೂ ಇಲ್ಲ. ಹೀಗಾಗಿ ಸಿಕ್ಕ ಕಿಟ್ಟನ್ನೇ ಕೊರೆದು, ಡಿಕ್ಕಿ ತಡೆಯುವ ಎರಡು ಪಕ್ಕದ ಬಫರುಗಳನ್ನು ತೆಗೆದು, ನಮ್ಮ ಗಾಡಿಗಿದ್ದಂತೆ ನಡುವೆ ಒಂದನ್ನು ಕೂಡಿಸುತ್ತಿದ್ದರು. ನಾನು ನಿವೃತ್ತ ಗೂಡ್ಸ್ ಗಾರ್ಡ್. ಅವರು ನನ್ನನ್ನು ಕೇಳಿದರು: "ಸಾಹೇಬ್ರ, ಬಾಗಲಾ ಹೆಂಗಿದ್ದೂರಿ?"

"ಎರಡು ಕದ. ಹೊರಗ ತೆರೀತಾವು" ಎಂದೆ. ಅನುಮಾನವೇ ಇರಲಿಲ್ಲ.

ಏಳು ಡಬ್ಬಿಗಳಾದವು. ಸಂಜೆ ಐದಕ್ಕೆ ನನ್ನನ್ನೂ ಮನೆಗೆ ಕರೆದರು. ಮುದುಕಿ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಲಿ ಮುಟ್ಟಿದರು, ಮಾಡು ಮುಟ್ಟಿದರು. ಬಾಗಿಲಿಗೆ ಬಂದ ಬೆರಳು ನಿಂತಿತು.

"ಇದಕ್ಕ ಬಿಜಾಗ್ರಿ ಯಾಕ ಬೇಟಾ? ಬಾಗಲಾ ಬಾಜೂಕ ಸರೀತಿತ್ತು. ಗುಡುಗಿದಂಗ ಸಪ್ಪಳ. ಸರಿಯೂ ಬಾಗಲದಾಗ ಸಿಕ್ಕ ನಿಮ್ಮ ಅಬ್ಬಾನ ಎರಡ ಬೆರಳ ಹೋದ್ವು. ಇದು ಅವರ ಗಾಡಿ ಅಲ್ಲ."

ನಾನು ಹೇಳಿದ್ದು ನನ್ನ ನೌಕರಿಯ ಕಾಲದ ಬಾಗಿಲು. ಹಮಾಲರ ಕಾಲ ಅದಕ್ಕೂ ಹಿಂದಿನದು. ಬಾಯಿ ತೆರೆಯುವಷ್ಟರಲ್ಲಿ ದರ್ಜಿ, "ನಂದ ತಪ್ಪ, ಅಮ್ಮಾ. ಸರಿಯಾಗಿ ಕೇಳ್ಕೊಳ್ಳಲಿಲ್ಲ" ಎಂದುಬಿಟ್ಟರು. ನಾನು ಅದನ್ನು ತಿದ್ದಲಿಲ್ಲ.

ಮರುದಿನ ಹೋದಾಗ ಏಳೂ ಡಬ್ಬಿಗಳು ಬಿಚ್ಚಿ ಬಿದ್ದಿದ್ದವು. ನಾನು ತಡವರಿಸಿದೆ. ಅವರು ನಕ್ಕರು. "ಹೊಲಿಗಿ ತಪ್ಪಿದ್ರ ಬಿಚ್ಚೂದ್ರಿ. ಅದಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ತೀರಿ?"

ಸರಿಯುವ ಬಾಗಿಲಿನ ಕಿಟ್ಟಿಗಾಗಿ ದರ್ಜಿ ತಮ್ಮ ಮಗಳ ಮೊಬೈಲಿನಲ್ಲಿ ತಿಂಗಳುಗಟ್ಟಲೆ ಹುಡುಕಿದರು. ಸಿಕ್ಕ ಉತ್ತರ ಒಂದೇ: ತಯಾರಿಕೆ ನಿಂತಿದೆ. ಕೊನೆಗೆ ಕೊಲ್ಕತ್ತಾದ ಒಬ್ಬ ಹವ್ಯಾಸಿಯ ಬಳಿ ಅಂಥ ಕಿಟ್ಟಿನ ತೆರೆಯದ ಪೆಟ್ಟಿಗೆ ಒಂದಿತ್ತು. ಆತ ಮಾರುವವನಲ್ಲ, ಬದಲಿಗೆ ಹಳೆಯ ಮಾದರಿಯ ಗಾರ್ಡ್ ಕೋಟು ಬೇಕೆಂದ. ನನ್ನ ಕೋಟನ್ನು ಎದುರಿಗೆ ತೂಗುಹಾಕಿ ದರ್ಜಿ ಹನ್ನೊಂದು ದಿನ ಹೊಲಿದರು. ಅಂಥ ಕಾಲರು ನನ್ನ ನೌಕರಿಯುದ್ದಕ್ಕೂ ನನ್ನ ಕೊರಳಿಗೆ ಬಂದಿರಲಿಲ್ಲ.

ಆ ಒಂದು ಡಬ್ಬಿ ತಯಾರಾಯಿತು. ಅಷ್ಟರಲ್ಲಿ ಮುದುಕಿ ಹಾಸಿಗೆ ಹಿಡಿದಿದ್ದರು. ಮಗ ತಾಯಿಯ ಬೆರಳನ್ನು ಬಾಗಿಲ ಮೇಲೆ ಇಟ್ಟರು. ಬಾಗಿಲು ಸರಿಯಿತು. ಆಕೆ ಅದನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು... "ಬೆರಳ ಜ್ವಾಕಿ" ಎಂದರು. ಮಗನಿಗೆ ಹೇಳಿದರೋ, ಗಂಡನಿಗೆ ಹೇಳಿದರೋ, ನನಗೆ ತಿಳಿಯಲಿಲ್ಲ.

ಆಕೆ ಹೋದರು. ಕೆಲವು ವರ್ಷಗಳ ನಂತರ ದರ್ಜಿಯೂ ಹೋದರು. ತಪ್ಪು ಹೇಳಿದವನು ನಾನೆಂದು ಅವರು ಯಾರೆದುರಿಗೂ ಆಡಲಿಲ್ಲ, ನಾನೂ ಆಡಲಿಲ್ಲ.

ಕನ್ನಡಕ ಸಿದ್ಧವಾಯಿತು. ಹೆಂಡತಿಯನ್ನು ಮನೆಗೆ ಕಳಿಸಿ ದರ್ಜಿಯ ಅಂಗಡಿಗೆ ನಡೆದೆ. ಈಗ ಅಲ್ಲಿ ಹೊಲಿಯುವವಳು ಅವರ ಮಗಳು. ಡಬ್ಬಿ ಗಾಜಿನ ಕಪಾಟಿನಲ್ಲಿದೆ.

"ಛಲೋ ಆತ್ರಿ ಕಾಕಾ, ಬಂದ್ರಿ. ಇದರ ಬಾಜೂಕ ಒಂದ ಚೀಟಿ ಬರದ ಕೊಡ್ರಿ. ಗಿರಾಕಿ ಕೇಳ್ತಾರ."

"ಬರೀತೇನಿ. ಮೊದಲ ಒಂದ ಮಾತ ಕೇಳು" ಎಂದೆ. ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು.

"ಅಬ್ಬಾ ಸಾಯೂತನಕ ತಮ್ದ ತಪ್ಪ ಅಂತಿದ್ರಲ್ರಿ..."

"ಅಂತಿದ್ರು. ನಾ ಅನ್ನಾಕ ಬಿಟ್ಟ ಕುಂತೆ."

ಅವಳು ಪೆನ್ನು ಕೊಟ್ಟಳು. ಬರೆದೆ: 'ಅಣ್ಣಿಗೇರಿಯ ಹತ್ತಿ ಡಬ್ಬಿ, ಮೀಟರ್ ಗೇಜ್. ಬಾಗಿಲನ್ನು ಗಾರ್ಡ್ ತಪ್ಪಾಗಿ ಹೇಳಿದ. ಹಮಾಲರ ಹೆಂಡತಿ ಮುಟ್ಟಿ ತಿದ್ದಿದರು. ಮಗ ಕಟ್ಟಿದರು.' ಕೆಳಗೆ ಸಹಿ ಹಾಕಿದೆ. ಅವಳು ಗುಂಡುಸೂಜಿ ಚುಚ್ಚಿ ಚೀಟಿ ನಿಲ್ಲಿಸಿದಳು. ಗಾರ್ಡಿನ ರೂಢಿಯಂತೆ ಗಡಿಯಾರ ನೋಡಿದೆ: ಹನ್ನೊಂದೂ ಇಪ್ಪತ್ತು.