ಕೈಚೀಲದ ಟಿಕೆಟ್ಟು

ತಂಗಿಯ ಗಂಡ ಕಳಿಸಿದ ವಿಮಾನದ ಟಿಕೆಟ್ಟನ್ನು ಅವಳ ಫೋನಿನಲ್ಲಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಕೈಚೀಲ ಏಳು ಕೆಜಿ ಅಂತಿತ್ತು. ಅದರ ಕೆಳಗೆ ದೊಡ್ಡ ಪೆಟ್ಟಿಗೆಯ ಚಿತ್ರ, ಅದರ ಎದುರಿಗೆ ಸೊನ್ನೆ.

ನಾನು ಹನಗೋಡಿನ ಕಡೆ ಹೊಗೆಸೊಪ್ಪು ಬೆಳೆಯುವವನು. ಹರಾಜಿನಲ್ಲಿ, ಸೊಪ್ಪು ಒತ್ತಿ ಕಟ್ಟಿದ ಬೇಲಿನ ಮೇಲಿನ ಎಲೆ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ನಡುವಿಗೆ ಕೈ ಹಾಕಿ ಒಂದು ಹಿಡಿ ಎಳೆದು ನೋಡುತ್ತಾರೆ, ಯಾಕೆಂದರೆ ಒಳಗೆ ಕಳಪೆ ಸೊಪ್ಪು ಅಡಗಿಸಿ ಕಟ್ಟುವವರು ನಮ್ಮಲ್ಲೇ ಇದ್ದಾರೆ. ಅದನ್ನು ನೋಡಿ ನೋಡಿ ಮನುಷ್ಯರನ್ನೂ ನಡುವಿಗೆ ಕೈ ಹಾಕದೆ ನಂಬಬಾರದು ಅನ್ನುವ ಬುದ್ಧಿ ನನಗೆ ಅಂಟಿಕೊಂಡಿದೆ. ದೇವರೇ ಪ್ರತ್ಯಕ್ಷನಾದರೂ ನಾನು ಆಧಾರ್ ಕಾರ್ಡ್ ಕೇಳುತ್ತೇನೆ ಅಂತ ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ತಂಗಿ ಹೋದ ವರ್ಷ ಒಂದು ಬೆಳಗ್ಗೆ ಉಟ್ಟ ಸೀರೆಯಲ್ಲೇ ಬಸ್ಸಿಳಿದು ತವರಿಗೆ ಬಂದಿದ್ದಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಅವಳ ಗಂಡ ಸರಗೂರಿನ ಕಡೆಯವನು, ಹೈದರಾಬಾದಿನಲ್ಲಿ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಏನಾಯಿತು ಅಂತ ಎಷ್ಟು ಕೇಳಿದರೂ "ಜಗಳ ಆಯ್ತು" ಅಂದಳೇ ಹೊರತು ಬೇರೇನೂ ಬಾಯಿ ಬಿಡಲಿಲ್ಲ. ತಿಂಗಳುಗಟ್ಟಲೆ ಹಾಗೇ ಕಳೆಯಿತು. ಆಮೇಲೆ ಅವನ ಕಡೆಯ ಹಿರಿಯರು, ಅವಳು ಬಿಟ್ಟು ಬಂದಿದ್ದ ಸೀರೆಗಳ ಗಂಟು ಹಿಡಿದು ಬಂದು ಜಗಲಿಯ ಮೇಲೆ ಕೂತರು. ಅವನೂ ತಲೆ ತಗ್ಗಿಸಿ ಕೂತು, ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂದ. ತಂಗಿ ಒಳಗಿನಿಂದಲೇ "ಹೋಗಿ ನೋಡ್ತೀನಿ" ಅಂದಳು. ಹೋದವಳು ಬಾಳುತ್ತಾಳೋ, ಮತ್ತೆ ಬರಿಗೈಯಲ್ಲಿ ಬಸ್ಸಿಳಿಯುತ್ತಾಳೋ ಅನ್ನುವುದೇ ಮನೆಮಂದಿಯ ಚಿಂತೆಯಾಗಿತ್ತು.

ಅಂಥ ಹೊತ್ತಿನಲ್ಲಿ ಬಂದದ್ದು ಈ ಟಿಕೆಟ್ಟು. ಬಾಳಿಸುವ ಮನಸ್ಸಿದ್ದವನು ಹೆಂಡತಿಗೆ ಪೆಟ್ಟಿಗೆಯಿಲ್ಲದ ಟಿಕೆಟ್ ಮಾಡಿಸುತ್ತಾನೆಯೇ? ನಾಲ್ಕು ದಿನಕ್ಕೆ ಬರುವ ನೆಂಟರಿಗೆ ಏಳು ಕೆಜಿ ಸಾಕು, ಸಂಸಾರಕ್ಕೆ ಸಾಕೇ? ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ವಾಪಸು ಅಟ್ಟುವ ಹುನ್ನಾರ ಇದು ಅಂತ ನಾನು ತೀರ್ಮಾನ ಮಾಡಿದೆ. ತಡೆಯಲಾರದೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ನಿಂತು ಅವನಿಗೇ ಫೋನು ಮಾಡಿದೆ.

"ಅವ್ಳೇ ಪೆಟ್ಟಿಗೆ ಬ್ಯಾಡ ಅಂದ್ಲು ಭಾವ. ಬೇಕಾರೆ ಕೇಳಿ" ಅಂದ.

ನಾನು ಕೇಳಲಿಲ್ಲ. ಸುಳ್ಳು ಹೇಳುವವರೇ "ಬೇಕಾದರೆ ಕೇಳಿ" ಅನ್ನುವುದು. ಯಾರೂ ಕೇಳುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಹೊರಡುವ ಹಿಂದಿನ ದಿನ ತಂಗಿ ಫೋನು ನೋಡಿಕೊಂಡು ನಿಯಮಗಳನ್ನು ಓದಿದಳು. ತುಪ್ಪದ ಡಬ್ಬಿ ಕೈಚೀಲದಲ್ಲಿ ಆಗದು. ಉಪ್ಪಿನಕಾಯಿ ಆಗದು. ಚಾಕು, ಕತ್ತರಿ, ಬೆಂಕಿಪೊಟ್ಟಣ ಆಗದು. ನಮ್ಮವ್ವ ತುಪ್ಪದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು.

"ತಿನ್ನೋ ಪದಾರ್ಥ ಕಂಡ್ರಾಗದೋರು ಇಮಾನ ಯಾಕ್ ಓಡುಸ್ತಾರೆ? ಎಲ್ಲಾ ಅವ್ರೇ ಕಿತ್ಕೊಂಡು ತಿನ್ನಕ್ಕೆ ಕಣ್ಲಾ ಇದು."

ನನಗೂ ಅದೇ ಅನ್ನಿಸಿತ್ತು. ಆದರೆ ಅವ್ವ ಹೇಳಿದ್ದಕ್ಕೆ ಹೂಂ ಅಂದರೆ ತಂಗಿ ನಗುತ್ತಾಳೆ ಅಂತ ಸುಮ್ಮನಿದ್ದೆ. ಒಳಗೆ ಹೋದ ತಕ್ಷಣ ಟವಲ್ ಹಾಕಿ ಕಿಟಕಿ ಪಕ್ಕದ ಸೀಟು ಹಿಡಿ ಅಂತಲೂ ಅವ್ವ ಹೇಳಿಕೊಟ್ಟಳು. ಸೀಟಿನ ನಂಬರು ಟಿಕೆಟ್ಟಿನಲ್ಲೇ ಬರೆದಿರುತ್ತದೆ ಅಂತ ತಂಗಿ ಅಂದರೆ, "ನಂಬರ್ ಬರ್ದಿದ್ರೆ ಕೂತಿರೋನು ಎದ್ಬುಡ್ತಾನಾ?" ಅಂದಳು. ಹುಣಸೂರು ಬಸ್ಸಿನಲ್ಲಿ ಓಡಾಡಿದ ಯಾರಿಗಾದರೂ ಆ ಮಾತು ಸರಿ ಅನ್ನಿಸುತ್ತದೆ.

ಅವ್ವ ಮರುದಿನ ಬೆಳಗ್ಗೆ ತಂಗಿಯ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ವೀಳ್ಯದೆಲೆ, ಅಡಿಕೆ, ಬಳೆ, ಒಂದು ದುಂಡನೆಯ ಕೊಬ್ಬರಿ ಗಿಟುಕು. ತಂಗಿ ಸೆರಗಿನಲ್ಲಿ ಅಷ್ಟನ್ನೂ ಇಸಿದುಕೊಂಡು, ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಲಕ್ಕೆ ಹಾಕಿದಳು. ಬೇಲು ತೂಗುವ ಕೊಕ್ಕೆಯ ತಕ್ಕಡಿಗೆ ಚೀಲವನ್ನು ನೇತುಹಾಕಿ ನೋಡಿದೆವು. ಜಾಸ್ತಿ ಬಂತು. ಅವಳು ರೇಷ್ಮೆ ಸೀರೆಗಳನ್ನು ಹೊರಗೆ ತೆಗೆದು ಅವ್ವನ ಟ್ರಂಕಿನಲ್ಲಿ ಇಟ್ಟಳು. ಮದುವೆಯ ಸೀರೆಯನ್ನೂ ಇಟ್ಟಳು. ಅವನ ಜಿಪುಣತನಕ್ಕೆ ನನ್ನ ತಂಗಿ ಮದುವೆಯ ಸೀರೆ ಬಿಟ್ಟು ಹೋಗಬೇಕಾಯಿತಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಬಹಳ ಮುಂಚೆಯೇ ಕರೆದುಕೊಂಡು ಹೋದೆ. ಬಾಗಿಲಲ್ಲಿ ಪೊಲೀಸಿನವನು ಟಿಕೆಟ್ಟು ನೋಡಿದ, ಆಧಾರ್ ನೋಡಿದ, ಅವಳ ಮುಖ ನೋಡಿದ. ಅವಳನ್ನು ಒಳಗೆ ಬಿಟ್ಟು ನನಗೆ ಕೈ ಅಡ್ಡ ಹಿಡಿದ. ತಂಗಿಯನ್ನು ಕಳಿಸಲು ಬಂದ ಅಣ್ಣನಿಂದ ವಿಮಾನಕ್ಕೇನು ಅಪಾಯ ಅಂತ ಕೇಳಿದೆ. "ರೂಲ್ಸು ಸಾರ್" ಅಂದ. ವಿಮಾನ ನಿಂತಲ್ಲೇ ನಿಂತಿದ್ದರೂ ಹೊತ್ತಿಗೆ ಮೊದಲೇ ಹತ್ತುವ ಬಾಗಿಲು ಮುಚ್ಚುತ್ತಾರಂತೆ. ಓಡಿ ಬರುವವನನ್ನು ಕಂಡರೆ ನಮ್ಮ ಕಡೆ ಡ್ರೈವರ್ ಬೈದುಕೊಂಡಾದರೂ ನಿಲ್ಲಿಸುತ್ತಾನೆ. ಇವರು ಕಣ್ಣೆದುರಿಗೇ ಬಿಟ್ಟು ಹೋಗುವವರು.

ಗಾಜಿನಾಚೆ ಅವಳು ಚೀಲ ಹಿಡಿದು ಒಳಗೊಳಗೆ ಹೋಗಿ ಮರೆಯಾದಳು. ನಾನು ಅಲ್ಲೇ ಕಂಬಕ್ಕೊರಗಿ ನಿಂತೆ. ಸ್ವಲ್ಪ ಹೊತ್ತಿಗೆ ಬಿರಬಿರನೆ ವಾಪಸು ಬಾಗಿಲಿಗೆ ಬಂದಳು. ಕೈಯಲ್ಲಿ ಕೊಬ್ಬರಿ ಇತ್ತು.

"ಇದ್ನ ಬುಡಲ್ವಂತೆ ಅಣ್ಣ. ಎಣ್ಣೆ ಪದಾರ್ಥ, ಬೆಂಕಿ ಹತ್ತುತ್ತಂತೆ. ಕಳ್ಸಕ್ಕೆ ಬಂದೋರಿದ್ರೆ ಕೊಟ್ಬುಟ್ಟು ಬಾ ಅಂದ್ರು."

ನಾನು ಕೈ ಚಾಚಲಿಲ್ಲ. ಮಡಿಲಿಗೆ ಹಾಕಿದ್ದನ್ನು ತವರಿನವರು ವಾಪಸು ಮುಟ್ಟಬಾರದು. ಮುಟ್ಟಿದರೆ ಅದರ ಹಿಂದೆಯೇ ಮಗಳೂ ಬರುತ್ತಾಳೆ ಅನ್ನುವುದು ನಮ್ಮ ಮನೆಯ ನಂಬಿಕೆ.

"ಅಲ್ಲೇ ಯಾರ್ಗಾದ್ರೂ ಕೊಟ್ಬುಡು. ನಾನು ಇಸ್ಕಳಲ್ಲ" ಅಂದೆ. ಸಿಟ್ಟೆಲ್ಲ ನೆತ್ತಿಗೇರಿತ್ತು. "ಎಲ್ಲಾ ಅವ್ನ ಟಿಕೆಟ್ಟಿಂದ ಆಗಿದ್ದು. ಪೆಟ್ಟಿಗೆ ತಗಂಡೋಗಂಗಿದ್ರೆ ಅದ್ರೊಳಗೆ ಹಾಕ್ಬೋದಿತ್ತು."

"ಅದ್ರಲ್ಲೂ ಬುಡಲ್ಲ. ಪೆಟ್ಟಿಗೆ ಬ್ಯಾಡ ಅಂದೋಳು ನಾನೇ ಕಣಣ್ಣ."

ಪೊಲೀಸಿನವನು ನಮ್ಮ ಕಡೆ ಬೆನ್ನು ತಿರುಗಿಸಿಕೊಂಡ. ಅವಳು ದನಿ ತಗ್ಗಿಸಿದಳು.

"ಆವತ್ತು ಬರ್ಬೇಕು ಅಂತ ಪೆಟ್ಟಿಗೆ ಕಟ್ತಾ ಕೂತಿದ್ದೆ. ಕಟ್ಟೋಷ್ಟ್ರಲ್ಲಿ ಅವ್ರು ಬಂದ್ಬುಟ್ರು. ಪೆಟ್ಟಿಗೆ ಕಿತ್ಕೊಂಡು ಹೊಡುದ್ರು. ಬುಟ್ಟು ಓಡ್ಬಂದೆ. ಈ ಸಲ ಎದ್ದೇಟ್ಗೆ ಕೈಲಿ ಹಿಡ್ಕೊಂಡು ಬರೋವಷ್ಟಿದ್ರೆ ಸಾಕು."

ಇಷ್ಟು ತಿಂಗಳು ಒಂದೇ ಸೂರಿನಡಿ ಇದ್ದು, ಅವನ ಟಿಕೆಟ್ಟಿನ ನಡುವಿಗೆ ಕೈ ಹಾಕಿ ನೋಡಿದ ನಾನು ತಂಗಿಯ ಮನಸ್ಸಿನಲ್ಲೇನಿದೆ ಅಂತ ನೋಡಿರಲಿಲ್ಲ.

"ಹೋಗ್ಬ್ಯಾಡ ಬುಡವ್ವ. ಬಾ, ಮನೆಗೋಗನ" ಅಂದೆ.

"ಇಲ್ಲ. ಅವ್ರು ಬದ್ಲಾಗವ್ರಾ ಇಲ್ವಾ ನಾನೇ ನೋಡ್ಬೇಕು. ನೀನು ಇದ್ನ ಇಸ್ಕೊ. ಬತ್ತೀನಿ ಅಂದ್ರೆ ಬುಟ್ಕೊತೀರ ಅಂತ ನಂಗೆ ಗೊತ್ತಿರ್ಬೇಕು."

ನಾನು ಎರಡೂ ಕೈ ಚಾಚಿ ಕೊಬ್ಬರಿ ಇಸಿದುಕೊಂಡೆ. ಅವಳು ತಿರುಗಿ ನೋಡದೆ ಒಳಗೆ ಹೋದಳು.

ಮನೆಗೆ ಬಂದು ಅದನ್ನು ಅವ್ವನ ಮುಂದಿಟ್ಟೆ. ಹೊಡೆದ ವಿಷಯ ಹೇಳಿದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಸ್ತ್ರ ಮುರಿದೆ ಅಂತ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಟ್ರಂಕು ತೆಗೆದು ಮದುವೆಯ ಸೀರೆಯ ಪಕ್ಕದಲ್ಲಿ ಕೊಬ್ಬರಿ ಇಟ್ಟಳು.

ಆಮೇಲೆ ಪ್ರತಿ ಸಲ ಫೋನು ಮಾಡಿದಾಗಲೂ ನಾನು ಊಟ ಆಯ್ತಾ ಅಂತ ಕೇಳುವ ಮೊದಲು, "ಬ್ಯಾಗು ಎಲ್ಲೈತೆ?" ಅಂತ ಕೇಳುತ್ತಿದ್ದೆ. "ಬಾಗ್ಲಿಂದೆ ಐತೆ ಅಣ್ಣ" ಅನ್ನುತ್ತಿದ್ದಳು. ಅವ್ವನಿಗೆ ಆ ಉತ್ತರ ಕೇಳಿದರೆ ಸಂಕಟ, ನನಗೆ ಸಮಾಧಾನ.

ಮೊನ್ನೆ ಕೇಳಿದಾಗ, "ಅಟ್ಟಕ್ಕೆ ಹಾಕಿದೀನಿ" ಅಂದಳು. ಅವ್ವ ದೇವರಿಗೆ ದೀಪ ಹಚ್ಚಲು ಎದ್ದಳು. ಯಾರು ಹಾಕಿದ್ದು ಅಂತ ನಾನು ಕೇಳಿದೆ. "ನಾನೇ" ಅಂದಳು. ಕೇಳಿದ ತಕ್ಷಣ ಅಂದಳು. ಪಕ್ಕದಲ್ಲಿ ಅವನು ಇದ್ದನೇ, ಇಲ್ಲವೇ ಅನ್ನುವುದು ನನಗೆ ಇನ್ನೂ ಗೊತ್ತಾಗಿಲ್ಲ.

ಇನ್ನು ಆ ಕೊಬ್ಬರಿಯನ್ನು ಚಟ್ನಿಪುಡಿಗೆ ತುರಿಯೋಣ, ಹಾಳಾಗುತ್ತದೆ ಅಂತ ಅವ್ವ ಟ್ರಂಕಿನ ಹತ್ತಿರ ಹೋದಳು. ನಾನು ಬಿಡಲಿಲ್ಲ.