ಅವ್ವನ ಹೆಬ್ಬೆಟ್ಟು

ನಿನ್ನೆ ಕೆ.ಆರ್. ಪೇಟೆಯ ರೇಷನ್ ಅಂಗಡಿಯಲ್ಲಿ ಅವ್ವನ ಹೆಬ್ಬೆಟ್ಟು ಬರಲಿಲ್ಲ. ಅಂಗಡಿಯವನು ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದ, ಸೆರಗಿಗೆ ತಿಕ್ಕಿಸಿ ಒತ್ತಿಸಿದ. ಯಂತ್ರ ಒಪ್ಪಲಿಲ್ಲ. "ಗೆರೆನೇ ಸವ್ದೋಗವೆ ಕಣಜ್ಜಿ," ಅಂದ. ಬೂಕನಕೆರೆಯ ಗದ್ದೆಯಲ್ಲಿ ಕುಡುಗೋಲು ಹಿಡಿದು, ಹಸು ಕರೆದು ಸವೆದ ಬೆರಳು. ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಒಂದು ಕಾಲಕ್ಕೆ ಅದೆಷ್ಟು ಚೆನ್ನಾಗಿ ಮೂಡುತ್ತಿತ್ತೆಂದು ನನಗಿಂತ ಯಾರಿಗೆ ಗೊತ್ತು?

ಆಗ ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಹೇಳಿದರೆ ನೀವು ಎದ್ದು ಹೋದೀರಿ, ಆದರೂ ಹೇಳುತ್ತೇನೆ. ವಿದ್ಯುದಾವೇಶ ಪಡೆದ ಪರಮಾಣುಗಳು, ಅಂದರೆ ಅಯಾನುಗಳು. ಅವನ್ನು ಯಂತ್ರದಲ್ಲಿ ಜೋರಾಗಿ ಓಡಿಸಿ ಪ್ಲಾಸ್ಟಿಕ್ ಹಾಳೆಗೆ ಅಪ್ಪಳಿಸುವಂತೆ ಮಾಡಿದರೆ ಮೇಲುಪದರದೊಳಗೆ ನಾಟಿಕೊಳ್ಳುತ್ತವೆ. ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳು ಕಡಿದು, ಹೈಡ್ರೋಜನ್ ಹಾರಿಹೋಗಿ, ಉಳಿದ ಇಂಗಾಲ ಹೆಣೆದುಕೊಳ್ಳುತ್ತದೆ. ಗಾಜಿನಂಥ ಹಾಳೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಇಷ್ಟೆಲ್ಲ ನಡೆಯುವುದು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರದಲ್ಲಿ. ಅದರ ಕೆಳಗಿನ ಪ್ಲಾಸ್ಟಿಕ್ಕಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇಂಥ ಕಡೆ ಬೆರಳಿನ ಜಿಡ್ಡೂ ಒಂದು ಗೋಡೆಯೇ.

ಆ ಯಂತ್ರ ಇದ್ದದ್ದು ದೂರದ ಉತ್ತರದಲ್ಲಿ. ವರ್ಷಗಟ್ಟಲೆ ಕಾದ ಮೇಲೆ ನನ್ನ ಸರದಿ ಬಂತು. ಆಯುಧಪೂಜೆಯ ಮರುದಿನ ರೈಲು. ತೊಳೆದು ಒಣಗಿಸಿದ ಹಾಳೆಗಳ ಡಬ್ಬಿಯನ್ನು ಊರಿಗೇ ತಂದಿದ್ದೆ. ನಮ್ಮಲ್ಲಿ ಅಂದು ನೇಗಿಲಿನಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಎಲ್ಲಕ್ಕೂ ಪೂಜೆ. ಮಗಳ ಆಯುಧ ಬಿಟ್ಟುಹೋದೀತೇ? ನಾನು ಸ್ನಾನಕ್ಕೆ ಹೋದಾಗ ಅವ್ವ ಹಾಳೆಗಳನ್ನು ಒಂದೊಂದಾಗಿ ಎತ್ತಿ ಕುಡುಗೋಲುಗಳ ಸಾಲಿನಲ್ಲಿಟ್ಟು, ಆರತಿ ಬೆಳಗಿ, ಮತ್ತೆ ಡಬ್ಬಿಗೆ ಹಾಕಿದ್ದಳು. ಕಲೆಯಾದೀತೆಂದು ಕುಂಕುಮವನ್ನು ಡಬ್ಬಿಯ ಮುಚ್ಚಳಕ್ಕೆ ಮಾತ್ರ ಇಟ್ಟಿದ್ದಳು. ದೀಪಕ್ಕೆ ಎಣ್ಣೆ ಬಿಟ್ಟ ಕೈಯ ನೆನಪು ಅವಳಿಗಿರಲಿಲ್ಲ. ಮುಚ್ಚಳದ ಬೊಟ್ಟು ನೋಡಿ, ಪೂಜೆ ಅಷ್ಟಕ್ಕೇ ಅಂದುಕೊಂಡು ನಾನು ನಕ್ಕು ರೈಲು ಹತ್ತಿದೆ.

ಯಂತ್ರದಿಂದ ಹೊರಬಂದ ಹಾಳೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಪ್ರತಿಯೊಂದರ ಮೇಲೂ, ಜಿಡ್ಡು ಅಯಾನುಗಳನ್ನು ತಡೆದ ಕಡೆ, ಬಣ್ಣ ತಿರುಗದ ಒಂದು ಹೆಬ್ಬೆಟ್ಟು, ಅದರ ಅಡ್ಡಕ್ಕೆ ಕುಡುಗೋಲು ಕೊಯ್ದ ಹಳೆಯ ಗಾಯ. ಯಾರದೆಂದು ಕೇಳುವ ಹಾಗೇ ಇರಲಿಲ್ಲ. ಮುಂದಿನ ಸರದಿಯನ್ನು ನನ್ನ ಗೈಡು ಬೇರೆಯವನಿಗೆ ಕೊಟ್ಟರು. ಹಾಳೆ ಮುಟ್ಟದೆ ಇಡಲು ಬಾರದವಳಿಗೆ ಸಂಶೋಧನೆ ಯಾಕೆ ಅಂದರಂತೆ. ಫೆಲೋಶಿಪ್ಪೂ ಮುಗಿಯಿತು. ಅಂದಿನಿಂದ ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ; ತಲೆ ನರೆತರೂ ಅತಿಥಿಯೇ.

ಯಂತ್ರ ಕೆಟ್ಟಿತ್ತು ಅಂತ ಅವ್ವನಿಗೆ ಹೇಳಿದ್ದೆ. "ಅವ್ರು ಪೂಜೆ ಮಾಡಿರಕಿಲ್ಲ ಬುಡು," ಅಂದಳು. "ನಾನಂತೂ ನಿನ್ ಆಳೆಗೆಲ್ಲಾ ಆರ್ತಿ ಮಾಡೇ ಕಳ್ಸಿದ್ದೆ ಕಣವ್ವ." ಅವಳ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಬೇಕೆಂದು ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನಿನ್ನೆ ಮನೆಗೆ ಬಂದವಳು ಬೆರಳನ್ನೇ ನೋಡುತ್ತಾ ಕೂತಳು. "ನಾನೇ ನಾನು ಅಂತ ಇನ್ನೇನವ್ವ ತೋರ್ಸ್ಲಿ?" ಅಂದಳು. ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಹಾಳೆಯೊಂದನ್ನು ತಂದು ಕೈಗಿಟ್ಟೆ.

ಬೆಳಕಿಗೆ ಹಿಡಿದಳು. ಗಾಯದ ಗೆರೆಯನ್ನು ತನ್ನ ಗಾಯಕ್ಕೆ ತಾಳೆ ನೋಡಿದಳು.

"ಆ ಪೂಜೆ ದಿನದ್ದಾ?"

ನಾನು ತಲೆಯಾಡಿಸಿದೆ.

ಅವ್ವ ಸೆರಗು ತೆಗೆದುಕೊಂಡು ಒರೆಸತೊಡಗಿದಳು. ಹೋಗುವುದಿಲ್ಲ ಬಿಡವ್ವ, ಅಂದೆ. ಅವಳು ಒರೆಸುತ್ತಲೇ ಇದ್ದಳು.